ಎಡಭುಜದ ಹಳದಿ ತೇಪೆ

ಲಂಡನ್ನಿನ ಹೋಬರ್ನಿನಲ್ಲಿ, ದೊಡ್ಡ ಬೀದಿಗೆ ತಾಗಿದ ಒಂದು ಓಣಿಯಲ್ಲಿ, ಲೆಗಟ್ ಎಂಬ ವಿಧವೆಯ ಚಿತ್ರದಂಗಡಿ ಇತ್ತು. ಫ್ರಾನ್ಸಿನವರ ಮೇಲೆ ಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ರೊಟ್ಟಿ ತುಟ್ಟಿಯಾಗಿತ್ತು, ನಗು ಮಾತ್ರ ಅಗ್ಗವಾಗಿ ಸಿಗುತ್ತಿತ್ತು. ಅಂಗಡಿಯ ಕಿಟಕಿಯ ಪ್ರತಿಯೊಂದು ಗಾಜಿನ ಹಿಂದೆಯೂ ಒಂದೊಂದು ನಗೆಚಿತ್ರ ಅಂಟಿಸಿರುತ್ತಿದ್ದರು: ಮಂತ್ರಿಗಳು, ಪಾದ್ರಿಗಳು, ಡೊಳ್ಳುಹೊಟ್ಟೆಯ ಮೇಯರುಗಳು, ಅವರ ನಡುನಡುವೆ ಊರಿನ ವಿಚಿತ್ರ ಮನುಷ್ಯರು. ಒಳಗೆ ಬಂದು ಕೊಳ್ಳುವವರಿಗಿಂತ ಹೊರಗೆ ನಿಂತು ಬಿಟ್ಟಿ ನಗುವವರೇ ಹೆಚ್ಚು.

ಆ ನಗುವನ್ನು ಗೋಡೆಯ ಆಚೆಯಿಂದ ಕೇಳುತ್ತಲೇ ಬೆಳೆದು ದೊಡ್ಡವಳಾದವಳು ಡಾರ್ಕಸ್ ಗ್ಯಾಡ್ಸ್‌ಬಿ. ಅಂಗಡಿಯ ಹಿಂದಿನ ಉದ್ದ ಕೋಣೆಯಲ್ಲಿ ಹೆಂಗಸರು ಒಂದೇ ಮೇಜಿನ ಸುತ್ತ ಕೂತು ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು. ತಾಮ್ರದ ತಗಡಿನಿಂದ ಅಚ್ಚಾಗಿ ಬರುವ ಹಾಳೆಯಲ್ಲಿ ಬರೀ ಕಪ್ಪು ಗೆರೆಗಳಿರುತ್ತವೆ. ಕೆನ್ನೆಗೆ ಕೆಂಪು, ಆಕಾಶಕ್ಕೆ ನೀಲಿ, ಎಲ್ಲವೂ ಕೈಯಿಂದಲೇ ಆಗಬೇಕು. ಆ ಕೆಲಸಕ್ಕೊಂದು ಕಟ್ಟುಕಟ್ಟಳೆ ಇತ್ತು. ಮೊದಲ ಹಾಳೆಗೆ ಒಬ್ಬಳೇ ಪೂರ್ತಿ ಬಣ್ಣ ಹಾಕುತ್ತಾಳೆ. ಅದು ಮಾದರಿ ಹಾಳೆ. ಅದನ್ನು ಗೋಡೆಗೆ ಚುಚ್ಚಿದ ಮೇಲೆ ಉಳಿದ ಹಾಳೆಗಳು ಮೇಜಿನ ಸುತ್ತ ಕೈಯಿಂದ ಕೈಗೆ ಸರಿಯುತ್ತವೆ. ಕೆಂಪಿನವಳು ಕೆಂಪನ್ನಷ್ಟೇ ಹಾಕುತ್ತಾಳೆ, ನೀಲಿಯವಳು ನೀಲಿಯನ್ನಷ್ಟೇ. ಮಾದರಿಯಲ್ಲಿ ಆಕಾಶ ಹಸಿರಾಗಿದ್ದರೆ ಎಲ್ಲ ಹಾಳೆಗಳಲ್ಲಿಯೂ ಆಕಾಶ ಹಸಿರೇ. ಯಾಕೆಂದು ಕೇಳುವ ಹಾಗಿಲ್ಲ. ಡಾರ್ಕಸ್ ಮಾದರಿಯವಳು. ಕಿಟಕಿಯ ಪಕ್ಕದ ಒಳ್ಳೆಯ ಬೆಳಕಿನ ಜಾಗ ಅವಳದು.

ವಿಚಿತ್ರ ಮನುಷ್ಯರ ಚಿತ್ರಗಳಿಗೆ ಅವಳು ಎಷ್ಟೋ ವರ್ಷದಿಂದ ಬಣ್ಣ ಹಾಕುತ್ತ ಬಂದಿದ್ದಳು. ಹೆಬ್ಬಾತನ್ನು ಕಂಕುಳಲ್ಲಿ ಇಟ್ಟುಕೊಂಡು ಚರ್ಚಿಗೆ ಹೋಗುವ ಮುದುಕಿ, ಬೇಸಿಗೆಯಲ್ಲಿಯೂ ತುಪ್ಪಳದ ಟೊಪ್ಪಿ ತೆಗೆಯದ ಪುಸ್ತಕದಂಗಡಿಯವನು, ತೂಕ ಎತ್ತುವ ಹೆಂಗಸು, ಕುಳ್ಳ ನೃತ್ಯಗುರು. ಅವರೆಲ್ಲ ಎಲ್ಲಿ ವಾಸವಾಗಿದ್ದಾರೆ, ಈ ಚಿತ್ರ ನೋಡಿ ಏನಂದುಕೊಂಡಿದ್ದಾರೆ ಎಂದು ಅವಳು ಒಂದು ದಿನವೂ ಯೋಚಿಸಿದವಳಲ್ಲ. ಮೂಗಿಗೆ ಕೆಂಪು ಜಾಸ್ತಿ ಬೇಕು ಎಂದರೆ ಜಾಸ್ತಿ ಹಾಕುತ್ತಿದ್ದಳು.

ಒಂದು ಶರತ್ಕಾಲದ ಬೆಳಗ್ಗೆ ಚಿತ್ರಕಾರ ಪೋಕಾಕ್ ಇನ್ನೂ ಒದ್ದೆಯಾಗಿದ್ದ ಹಾಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ತಂದ. ತೆಳ್ಳಗಿನ, ಸದಾ ಅವಸರದ ಮನುಷ್ಯ. ಉಗುರಿನ ಸಂದಿಯಲ್ಲೆಲ್ಲ ತಗಡು ಸವೆಸುವ ಆಮ್ಲದ ಕಲೆ.

"ತಗೊಳ್ಳಮ್ಮ ಡಾರ್ಕಸ್, ಪಾರ್ಲಿಮೆಂಟಿನೋರ ಮೇಲೆ ಒಂದು ಬಾಣ. 'ಗಾಳಿ ಸಾಹುಕಾರ' ಅಂತ ಹೆಸರು. ಬರೀ ಗಾಳಿ ಮಾರ್ಕೊಂಡು ಬದುಕೋ ಜನ ನೋಡು ಅವರು."

ಹಾಳೆಯಲ್ಲಿ ಕಾಲಿನವರೆಗೆ ಇಳಿಬಿದ್ದ ಕೋಟಿನ ಒಬ್ಬ ಮುದುಕ, ಹೆಗಲ ತುಂಬ ಒಲೆಗೆ ಗಾಳಿ ಊದುವ ತಿದಿಗಳನ್ನು ತೂಗುಹಾಕಿಕೊಂಡು, ಗಾಡಿಗೆ ಕಟ್ಟಿದ ಒಂದು ಕುದುರೆಗೆ ಟೊಪ್ಪಿ ಎತ್ತಿ ನಮಸ್ಕಾರ ಮಾಡುತ್ತಿದ್ದ. ಎತ್ತಿದ ತೋಳು, ಟೊಪ್ಪಿ ಎರಡೂ ಅಡ್ಡ ಬಂದು ಮುಖ ಕಾಣುತ್ತಿರಲಿಲ್ಲ.

ಕೆಂಪು ಬಣ್ಣ ಹಾಕುವ ಸೂಕಿ ಬಗ್ಗಿ ನೋಡಿದಳು. "ಇದೇನ್ ಸ್ವಾಮಿ, ಇವನಿಗೆ ಮೂಗೇ ಇಲ್ಲ! ನಾನು ಇವತ್ತು ಮನೇಗ್ ಹೋಗ್ಲಾ?"

"ಮುಖ ಬೇಡ ಅಂತಲೇ ಬಿಟ್ಟಿದ್ದು ಕಣೇ. ಯಾವ ಮಂತ್ರಿ ಮುಖ ಬೇಕೋ ಅದನ್ನ ಜನಾನೇ ಅಂಟಿಸ್ಕೊಳ್ಳಲಿ."

"ಈ ಮನುಷ್ಯ ಯಾರು?" ಎಂದು ಡಾರ್ಕಸ್ ಕೇಳಿದಳು.

"ಯಾರಿಗೆ ಗೊತ್ತು? ಸ್ಮಿತ್‌ಫೀಲ್ಡ್ ಸಂತೇಲಿ ಹಿಂದಿನಿಂದ ಕಂಡ. ಟೊಪ್ಪಿಯೊಳಗೆ ಕಾರ್ಡು ಇಟ್ಕೊಂಡು ನಾಲ್ಕು ಗೆರೆ ಗೀಚ್ಕೊಂಡೆ. ಬಣ್ಣ ನಿನಗೆ ಬಿಟ್ಟಿದ್ದು. ಕಣ್ಣಿಗೆ ಹೊಡೀಬೇಕು, ಅಷ್ಟೆ."

ಪೋಕಾಕ್‌ಗೆ ಅದು ಡಾರ್ಕಸ್‌ಳ ಅಪ್ಪ ಎಂದು ಗೊತ್ತಿರಲಿಲ್ಲ, ಸೂಕಿಗೂ ಗೊತ್ತಿರಲಿಲ್ಲ. ತನ್ನ ಅಪ್ಪ ತೊಗಲಿನ ಕೆಲಸದವನು ಎಂದಷ್ಟೇ ಡಾರ್ಕಸ್ ಅಲ್ಲಿ ಹೇಳಿದ್ದಳು. ತಿದಿ ರಿಪೇರಿ ಮಾಡುತ್ತ ಮನೆಮನೆಯ ಹಿಂಬಾಗಿಲಿಗೆ ಹೋಗುತ್ತಾನೆ ಎಂದು ಹೇಳಲು ಸ್ವಲ್ಪ ಸಂಕೋಚ.

ಎಫ್ರೇಮ್ ಗ್ಯಾಡ್ಸ್‌ಬಿ ಕ್ಲರ್ಕನ್‌ವೆಲ್‌ನಿಂದ ಬ್ಲೂಮ್ಸ್‌ಬರಿಯವರೆಗೆ ದಿನಾ ನಡೆಯುತ್ತಿದ್ದ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಬಿರುಕು ಬಿಟ್ಟ ತಿದಿಗೆ ಹೊಸ ತೊಗಲು ಹೊದಿಸಿ, ಮೊಳೆ ಹೊಡೆದು, ಮೊದಲ ಗಾಳಿಯನ್ನು ಅಡುಗೆಯವಳ ಮುಖಕ್ಕೇ ಬೀಸಿ ನಗಿಸುತ್ತಿದ್ದ. ಅವನ ಕೋಟು ಹೆಂಡತಿ ಹೊಲಿದದ್ದು. ಅವಳು ನಾಟಕ ಕಂಪನಿಯೊಂದರಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದಳು. ಹರಿದ ಹಸಿರು ಪರದೆಯಲ್ಲಿ ಕೋಟು ಮಾಡಿ, ಅದು ಸವೆದ ಕಡೆಯೆಲ್ಲ ರಾಜ ರಾಣಿಯರ ಹಳೆಯ ಉಡುಪಿನ ಚೂರುಗಳನ್ನು ತೇಪೆ ಹಾಕಿದ್ದಳು. ಅವಳು ತೀರಿಹೋದ ಮೇಲೆ ಆ ಕೋಟಿಗೆ ಬೇರೆ ಯಾರೂ ಸೂಜಿ ತಾಗಿಸಿರಲಿಲ್ಲ. ಕುದುರೆಗಳಿಗೆ ಟೊಪ್ಪಿ ಎತ್ತುವುದು ಅವನ ಹಳೆಯ ಚಾಳಿ. ಕೇಳಿದವರಿಗೆಲ್ಲ ಒಂದೇ ಉತ್ತರ: "ದೊರೆಗಳಿಗೆ ಎತ್ತಿದ್ರೆ ಅವರು ನೋಡೋದೇ ಇಲ್ಲ. ಕುದುರೆ ತಲೆ ಆಡಿಸುತ್ತೆ."

ಡಾರ್ಕಸ್ ಹಾಳೆಯನ್ನು ಮುಂದಿಟ್ಟುಕೊಂಡಳು. ಬೇರೆ ಯಾರದಾದರೂ ಆಗಿದ್ದರೆ ಕೋಟಿಗೆ ಕೋಡಂಗಿಯ ಬಣ್ಣ, ಕೈಗೆ ಹೆಂಡಕುಡುಕನ ಕೆಂಪು ಬಳಿದು ಮುಗಿಸುತ್ತಿದ್ದಳು. ಅಪ್ಪನಿಗೆ ಹಾಗೆ ಮಾಡಲು ಕೈ ಬರಲಿಲ್ಲ. ನಗುವವರು ನಗಲಿ, ಆದರೆ ಅವನು ಇರುವ ಹಾಗೇ ಇರಲಿ ಎಂದುಕೊಂಡಳು. ತಾಮ್ರದ ಕಿಲುಬಿನ ಹಸಿರಿಗೆ ಒಂದಿಷ್ಟು ಕಂದು ಸೇರಿಸಿ, ಮಳೆ ಬಿಸಿಲು ಕಂಡ ಆ ಪರದೆಯ ಹಸಿರನ್ನೇ ತಂದಳು. ಮೊಣಕೈಗೆ ರಾಜನ ನೇರಳೆ, ಬೆನ್ನಿಗೆ ಸೇವಕರ ಇಟ್ಟಿಗೆಗೆಂಪು. ಭುಜದ ಹತ್ತಿರ ಬಂದಾಗ ಕುಂಚ ನಿಂತಿತು. ತಗಡಿನ ಮೇಲೆ ಬರೆದದ್ದು ಅಚ್ಚಿನಲ್ಲಿ ತಿರುವುಮುರುವಾಗುತ್ತದೆ. ಕಸಬುದಾರರು ಅದಕ್ಕಾಗಿಯೇ ಎಡವನ್ನು ಬಲಕ್ಕೆ ಬರೆಯುತ್ತಾರೆ. ಪೋಕಾಕ್ ಅವಸರದಲ್ಲಿ ಹಾಗೆ ಮಾಡಿರಲಿಲ್ಲ. ಅರ್ಧಚಂದ್ರದಂಥ ದೊಡ್ಡ ತೇಪೆ ಬಲಭುಜಕ್ಕೆ ಬಂದಿತ್ತು. ಅಮ್ಮ ಅದನ್ನು ಹಾಕಿದ್ದು ಎಡಭುಜಕ್ಕೆ. ತಿದಿಯ ಪಟ್ಟಿ ಉಜ್ಜುತ್ತಿದ್ದದ್ದು ಆ ಕಡೆ. ಡಾರ್ಕಸ್ ಬಲಭುಜದ ಗೆರೆಗಳ ಮೇಲೆ ದಪ್ಪನಾಗಿ ಹಸಿರು ಬಳಿದು ಮುಚ್ಚಿ, ಏನೂ ಇಲ್ಲದಿದ್ದ ಎಡಭುಜದ ಮೇಲೆ ಹೊಳೆಯುವ ಹಳದಿಯಲ್ಲಿ ತೇಪೆಯನ್ನು ತಾನೇ ಬರೆದಳು.

ಲೆಗಟ್ ಅಮ್ಮ ಬಂದು ಮಾದರಿ ಹಾಳೆಯನ್ನು ಬೆಳಕಿಗೆ ಹಿಡಿದಳು. ದಪ್ಪ ಹೆಂಗಸು, ಹೊಗಳಿಕೆ ಅವಳ ಬಾಯಿಂದ ಅಪರೂಪ. "ಇದು ಚೆನ್ನಾಗಿದೆ ಕಣೇ. ಕೈ ಚಾಚಿದ್ರೆ ಬಟ್ಟೆ ಸಿಗೋ ಹಾಗಿದೆ," ಎಂದಳು. ಡಾರ್ಕಸ್‌ಗೆ ಮುಖ ಬಿಸಿಯಾಯಿತು. ಹಾಳೆ ಗೋಡೆಗೇರಿತು.

ಮೊದಲ ವಾರ ಜನ ಅದನ್ನು ಮಂತ್ರಿಗಳ ತಮಾಷೆ ಎಂದೇ ಕೊಂಡರು. ಆಮೇಲೆ ಬ್ಲೂಮ್ಸ್‌ಬರಿಯ ಅಡುಗೆಯವಳೊಬ್ಬಳು ಬುಟ್ಟಿ ಹಿಡಿದು ಓಣಿಯಲ್ಲಿ ಹೋಗುತ್ತಿದ್ದವಳು ಕಿಟಕಿಯ ಮುಂದೆ ಗಕ್ಕನೆ ನಿಂತಳು. "ಅಯ್ಯೋ ದೇವರೇ, ನಮ್ಮ ತಿದಿ ತಾತ! ನೋಡ್ರೇ, ಭುಜದ ಹಳದಿ ತೇಪೆ!" ಆ ಕೂಗನ್ನು ಡಾರ್ಕಸ್ ಹಿಂದಿನ ಕೋಣೆಯಲ್ಲಿ ಕೂತೇ ಕೇಳಿದಳು. ಒಳ್ಳೆಯ ಕೂಗೇ ಅದು, ಪ್ರೀತಿಯ ಕೂಗು. ಹೀಗಾಗಿ ಅವಳಿಗೆ ಆಗಲೂ ಭಯವಾಗಲಿಲ್ಲ.

ಆ ಶನಿವಾರ ಸಂಜೆ ಎಫ್ರೇಮ್ ಒಂದು ಸುರುಳಿಯನ್ನು ಕೋಟಿನೊಳಗಿಂದ ತೆಗೆದು ಮೇಜಿನ ಮೇಲೆ ಬಿಡಿಸಿದ. ಯಾವುದೋ ಮನೆಯ ಕೆಲಸದವರೆಲ್ಲ ಸೇರಿ ಅವನಿಗೇ ಕೊಂಡುಕೊಟ್ಟಿದ್ದರು.

"ನೋಡಮ್ಮ. ನಿಮ್ಮಪ್ಪ ಈಗ ಗಾಜಿನ ಹಿಂದೆ ಕೂರೋ ದೊಡ್ಡ ಮನುಷ್ಯ." ಚಿತ್ರದ ಮೇಲೆ ಬಾಗಿ, ಮೊಳೆ ಹೊಡೆದು ಚಪ್ಪಟೆಯಾದ ಹೆಬ್ಬೆರಳಿಂದ ಭುಜವನ್ನು ಮುಟ್ಟಿದ. "ಬರೆದೋನು ತಿರುವುಮುರುವು ಬರೆದಿದ್ದಾನೆ. ಬಣ್ಣ ಹಾಕಿದೋಳು ಸರಿ ಮಾಡಿದ್ದಾಳೆ. ನಿನ್ನ ಕೈಯೇ ಅಲ್ವಾ ಇದು?"

"ಹೂಂ ಅಪ್ಪ."

"ಅದಕ್ಕೇ. ಲಂಡನ್ನಲ್ಲಿ ಇನ್ಯಾರಿಗೆ ಗೊತ್ತು, ಈ ಹಳದಿ ಎಡಗಡೆಗೆ ಅಂತ? ನಿಮ್ಮಮ್ಮ ನೋಡಿದ್ರೆ ಕುಣಿದಾಡ್ತಿದ್ಲು." ಚಿತ್ರವನ್ನು ಒಲೆಯ ಮೇಲುಗಡೆ ಗೋಡೆಗೆ ಹೊಡೆದು, ಹಿಂದೆ ಸರಿದು ನಿಂತು, ಚಿತ್ರದ ಕುದುರೆಗೂ ಒಮ್ಮೆ ಟೊಪ್ಪಿ ಎತ್ತಿದ. ಇಬ್ಬರೂ ನಕ್ಕರು. ಅವರಿಬ್ಬರೂ ಆ ಮನೆಯಲ್ಲಿ ಹಾಗೆ ನಕ್ಕದ್ದು ಅದೇ ಕೊನೆ.

ಕ್ರಿಸ್ಮಸ್ ಹತ್ತಿರ ಬರುವ ಹೊತ್ತಿಗೆ ಮಂತ್ರಿಗಳ ವಿಷಯ ಎಲ್ಲರಿಗೂ ಮರೆತುಹೋಗಿ ಗಾಳಿ ಸಾಹುಕಾರನೊಬ್ಬನೇ ಉಳಿದಿದ್ದ. ಹೆಂಡದಂಗಡಿಯ ಗೋಡೆಗಳ ಮೇಲೆ, ಕ್ಷೌರದವರ ಕನ್ನಡಿಗಳ ಪಕ್ಕದಲ್ಲಿ ಅವನೇ. ಎಫ್ರೇಮ್ ಸಂಜೆ ಬೇಗ ಮನೆಗೆ ಬರತೊಡಗಿದ. ಕೋಟಿನ ಮೇಲೆ ಕೆಸರು. ಕೇಳಿದರೆ "ಗಾಡಿ ಚಕ್ರ ಎರಚಿತು" ಎನ್ನುತ್ತಿದ್ದ. ಒಂದು ದಿನ ಮೊಣಕೈಯ ನೇರಳೆ ತೇಪೆ ಇರಲಿಲ್ಲ.

ಮಾರನೆಯ ದಿನ ಡಾರ್ಕಸ್ ಹೊಟ್ಟೆನೋವು ಎಂದು ಹೇಳಿ ಕಳಿಸಿ, ಅಪ್ಪನ ಹಿಂದೆ ದೂರದಲ್ಲಿ ನಡೆದಳು. ಹಾಗೆ ಸುಳ್ಳು ಹೇಳುವುದು ಕಷ್ಟವೇನಲ್ಲ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಆ ಹೆಂಗಸರಿಗೆಲ್ಲ ಬಣ್ಣದ ವಿಷ ಒಳಗಿಳಿದು ಹೊಟ್ಟೆನೋವು ಮಾಮೂಲು. ಸ್ಮಿತ್‌ಫೀಲ್ಡ್ ತಲುಪುವ ಮೊದಲೇ ಗುಂಪು ಕೂಡಿತ್ತು. ಪೋಕರಿ ಹುಡುಗರಷ್ಟೇ ಅಲ್ಲ, ಏಪ್ರನ್ ಕಟ್ಟಿದ ದೊಡ್ಡ ಗಂಡಸರೂ ಇದ್ದರು.

"ಏ ಗಾಳಿ ಸಾವ್ಕಾರ! ನಮ್ಮತ್ತೆಗೆ ಒಂಚೂರು ಗಾಳಿ ಬೇಕಂತೆ, ಸೇರಿಗೆಷ್ಟು?"

"ತಾತ, ನನಗೂ ಟೊಪ್ಪಿ ಎತ್ತೋ! ನೋಡು, ನಾನೂ ಕುದುರೆ!" ಒಬ್ಬ ಮಾಂಸದಂಗಡಿಯವನು ಮುಂಗಾಲು ಎತ್ತಿದಂತೆ ಕೈ ಎತ್ತಿ ಕೆನೆದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಫ್ರೇಮ್ ಅವರ ಜೊತೆ ತಾನೂ ನಕ್ಕು, ಟೊಪ್ಪಿ ಎತ್ತಿ, ಸಾಗಿಹೋಗಲು ನೋಡಿದ. ಅದೇ ತಪ್ಪಾಯಿತು. ಎತ್ತಿದ ಟೊಪ್ಪಿಯನ್ನು ಯಾರೋ ಹಾರಿಸಿದರು. ಇನ್ಯಾರೋ ಹೆಗಲ ತಿದಿಯೊಂದನ್ನು ಕಿತ್ತುಕೊಂಡು ಅವನ ಕಿವಿಗೆ ಗಾಳಿ ಊದಿದರು. "ಒಂದು ಚೂರು ಬಟ್ಟೆ ಕೊಡು ಸಾವ್ಕಾರ, ನೆನಪಿಗೆ," ಎನ್ನುತ್ತ ಒಬ್ಬ ಬೆನ್ನಿನ ತೇಪೆಗೆ ಚಾಕು ಹಾಕಿದ. ಎಫ್ರೇಮ್ ನಗುವುದನ್ನು ನಿಲ್ಲಿಸಿದ. ಎರಡೂ ಕೈಗಳಿಂದ ಕೋಟನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತ. ಡಾರ್ಕಸ್ ನುಗ್ಗಿ ಹೋಗಿ ಅವನ ತೋಳು ಹಿಡಿದಾಗ "ಓಹೋ, ಸಾವ್ಕಾರ್ತಿ!" ಎಂದು ಅವಳ ಮೇಲೂ ಎಲೆಕೋಸಿನ ದಂಟುಗಳು ಬಿದ್ದವು.

ಬೀದಿಯದಾದರೂ ಹೇಗೋ ಸಹಿಸಬಹುದಿತ್ತು. ಬಾಗಿಲುಗಳು ಮುಚ್ಚತೊಡಗಿದ್ದು ದೊಡ್ಡ ಪೆಟ್ಟು. ಗುಂಪು ಅವನ ಹಿಂದೆಯೇ ಮನೆಗಳ ಮೆಟ್ಟಿಲವರೆಗೆ ಬರುತ್ತಿತ್ತು. ಕಿಟಕಿಯಲ್ಲಿ ಮೊದಲು ಗುರುತಿಸಿ ಕೂಗಿದ ಆ ಬ್ಲೂಮ್ಸ್‌ಬರಿಯ ಅಡುಗೆಯವಳೇ ಒಂದು ದಿನ ಅರ್ಧ ಬಾಗಿಲು ತೆರೆದು ಪಿಸುಗುಟ್ಟಿದಳು: "ತಾತ, ತಪ್ಪು ತಿಳ್ಕೋಬೇಡಿ. ಯಜಮಾನರು ಬೇಡ ಅಂದ್ಬಿಟ್ಟಿದಾರೆ. ನೀವು ಬಂದ್ರೆ ಬಾಗಿಲಲ್ಲಿ ಜಾತ್ರೆ ಸೇರುತ್ತೆ."

ಡಾರ್ಕಸ್ ಲೆಗಟ್ ಅಮ್ಮನ ಮುಂದೆ ಹೋಗಿ ನಿಂತಳು.

"ಅಮ್ಮಾವ್ರೇ, ಆ ಗಾಳಿ ಸಾಹುಕಾರನ ಚಿತ್ರ ಇನ್ನು ಸಾಕು ಮಾಡಿ. ಆ ಮುದುಕನಿಗೆ ಬೀದೀಲಿ ನಡೆಯೋಕೆ ಆಗ್ತಿಲ್ಲ."

"ಯಾವ ಮುದುಕನಿಗೆ? ಅದು ಚಿತ್ರ ಕಣೇ."

"ನಮ್ಮಪ್ಪ. ಎಫ್ರೇಮ್ ಗ್ಯಾಡ್ಸ್‌ಬಿ."

ಲೆಗಟ್ ಅಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದಳು. ಕೆಟ್ಟ ಹೆಂಗಸಲ್ಲ, ಅವಳ ಕಣ್ಣಲ್ಲಿ ಒಂದು ಕ್ಷಣ ಮರುಕವೇ ಕಂಡಿತು. ಆದರೆ ಮರುಕದ ಹಿಂದೆಯೇ ವ್ಯಾಪಾರ ಬಂತು. "ನಿಮ್ಮಪ್ಪಾನಾ! ಮೊದಲೇ ಹೇಳೋದಲ್ವಾ? ಎಲ್ಲರೂ ಬಂದು ಹೆಸರೇನು, ಹೆಸರೇನು ಅಂತ ಪ್ರಾಣ ತಿಂತಿದಾರೆ. ನೋಡು, ಈಗ ನಾನು ನಿಲ್ಲಿಸಿದ್ರೆ ಪಕ್ಕದ ಬೀದಿಯೋನು ನಕಲು ಮಾಡಿ ಮಾರ್ತಾನೆ. ನಿಮ್ಮಪ್ಪನಿಗೆ ಏನು ಬಂತು? ಸುಮ್ನೆ ಅವರನ್ನ ಶನಿವಾರ ಅಂಗಡೀಲಿ ತಂದು ಕೂರಿಸು, ನಾನು ಬಿಸಿ ಊಟ ಹಾಕ್ತೀನಿ."

ಆ ವಾರವೇ ಪೋಕಾಕ್ ಹಳೆಯ ತಗಡನ್ನು ತೆಗೆದು, ಕೆಳಗೆ ಚೆಂದದ ಅಕ್ಷರದಲ್ಲಿ ಹೆಸರು ಕೊರೆದ. ಎಫ್ರೇಮ್ ಗ್ಯಾಡ್ಸ್‌ಬಿ, ಕ್ಲರ್ಕನ್‌ವೆಲ್. ಹೆಸರಿನ ಹಾಳೆಗಳು ಮೇಜಿನ ಮೇಲೆ ಬಂದು ಬಿದ್ದಾಗ ಸೂಕಿ ಓದು ಬಾರದವಳು, "ಇದೇನು ಬರೆದಿದ್ದಾರೆ?" ಎಂದು ಕೇಳಿದಳು. ಡಾರ್ಕಸ್ ಹಾಳೆಯನ್ನು ಮುಂದಕ್ಕೆ ಸರಿಸಿದಳು. ಬೇಡಲು ಹೋಗಿ, ಉಳಿದಿದ್ದ ಒಂದು ಮರೆಯನ್ನೂ ತಾನೇ ಕೈಯಾರೆ ಕಿತ್ತುಕೊಟ್ಟಂತಾಗಿತ್ತು. ಈಗ ಗುಂಪು ಮನೆಯ ಕೆಳಗೇ ಬಂದು ನಿಂತು ಹೆಸರು ಹಿಡಿದು ಕೂಗುತ್ತಿತ್ತು.

ಅವಳು ಇನ್ನೊಂದು ಉಪಾಯ ಮಾಡಿದಳು. ಗೋಡೆಯ ಮಾದರಿಯನ್ನು ಇಳಿಸಿ, ಕೋಟಿಗೆ ಕಂದು ಬಳಿದ ಬೇರೆ ಮಾದರಿಯನ್ನು ಚುಚ್ಚಿದಳು. ಮೇಜಿನ ಹೆಂಗಸರು ಯಾಕೆಂದು ಕೇಳದೆ ಒಂದು ಕಟ್ಟು ಪೂರ್ತಿ ಕಂದು ಮಾಡಿದರು. ಮೂರನೆಯ ದಿನ ಕೊಂಡವರು ಹಿಂದಕ್ಕೆ ತಂದು ಕೊಟ್ಟರು. "ಇದು ಅವನಲ್ಲ, ಇವನ್ಯಾರೋ ಗಾಡಿಯೋನು. ನಮಗೆ ಹಸಿರು ಕೋಟಿನವನು ಬೇಕು." ಲೆಗಟ್ ಅಮ್ಮ ಹಳೆಯ ಮಾದರಿಯನ್ನು ಮತ್ತೆ ಗೋಡೆಗೆ ಹೊಡೆಸಿದಳು. "ಅಪ್ಪ ಅಂತ ಈ ಸಲ ಬಿಟ್ಟಿದ್ದೀನಿ. ಇನ್ನೊಂದು ಸಲ ಹೀಗಾದ್ರೆ ಕಿಟಕಿ ಪಕ್ಕದ ಜಾಗ ಬೇರೆಯವರಿಗೆ," ಎಂದು ಮೆಲ್ಲಗೇ ಹೇಳಿದಳು.

ಇನ್ನು ಉಳಿದದ್ದು ಒಂದೇ ದಾರಿ. ಜನವರಿಯ ಒಂದು ಭಾನುವಾರ ಡಾರ್ಕಸ್ ಹಳೆಬಟ್ಟೆ ಸಂತೆಯಿಂದ ಬೂದು ಬಣ್ಣದ ಒಂದು ಗಿಡ್ಡ ಅಂಗಿ ತಂದಳು.

"ಅಪ್ಪ, ಕೋಟು ಒಂದು ತಿಂಗಳು ಪೆಟ್ಟಿಗೇಲಿರಲಿ. ಜನ ಮರೀತಾರೆ. ಆಮೇಲೆ ಹಾಕ್ಕೊಳ್ಳಿವಂತೆ."

ಎಫ್ರೇಮ್ ಒಲೆಯ ಮುಂದೆ ಕೂತಿದ್ದ. "ಇದನ್ನ ಬಿಟ್ಟು ಬೀದಿಗೆ ಹೋದೋನಲ್ಲ ನಾನು. ನಿಮ್ಮಮ್ಮ ಹೋದ ದಿನಾನೂ ಇದೇ."

"ಗೊತ್ತು."

"ಅವರು ನಗೋದು ಕೋಟು ನೋಡಿ ಅಲ್ಲಮ್ಮ. ಕಾಗದ ನೋಡಿ. ಕೋಟು ಏನು ಮಾಡಿತ್ತು ಪಾಪ, ಇಷ್ಟು ವರ್ಷ ಇರ್ಲಿಲ್ವಾ?"

ಆ ಮಾತು ತನಗೆ ಹೇಳಿದ್ದಲ್ಲ ಎಂದು ಡಾರ್ಕಸ್‌ಗೆ ಗೊತ್ತಿತ್ತು. ಆದರೂ ಎದೆಗೆ ನಾಟಿತು. ಅವಳ ಮುಖ ಕಂಡು ಎಫ್ರೇಮ್ ಮೆಲ್ಲಗೆ ಎದ್ದು, ಕೋಟಿನ ಗುಂಡಿ ಬಿಚ್ಚತೊಡಗಿದ. "ಆಯ್ತು ಬಿಡು, ಅಳಬೇಡ. ಕೊಡು ಆ ಬೂದು ಅಂಗಿ. ಒಂದು ತಿಂಗಳು ತಾನೆ?"

ಬೂದು ಅಂಗಿಯಲ್ಲಿ ಅವನು ಸುಖವಾಗಿ ಬೀದಿ ದಾಟಿದ. ಯಾರೂ ಕೂಗಲಿಲ್ಲ. ಯಾರೂ ನೋಡಲೂ ಇಲ್ಲ. ಅವನನ್ನು ಇನ್ನೂ ಬೇಡ ಎನ್ನದಿದ್ದ ಕೆಲವೇ ಮನೆಗಳಲ್ಲೊಂದರ ಬಾಗಿಲು ತಟ್ಟಿದರೆ, ಹೊಸ ಕೆಲಸದ ಹುಡುಗಿ ಸರಪಳಿ ತೆಗೆಯದೆ ಸಂದಿಯಿಂದ ಇಣುಕಿ, "ತಿದಿ ತಾತ ಹಸಿರು ಕೋಟಿನೋರು. ನೀನ್ಯಾರು? ಹೋಗು, ಕಾವಲಿನವನನ್ನ ಕರೀತೀನಿ," ಎಂದಳು. ಅಡುಗೆಮನೆಯ ಬೆಚ್ಚನೆಯ ಮೆಟ್ಟಿಲು, ಬಿಸಿ ಸಾರಿನ ಬಟ್ಟಲು, ಹರಟೆ, ಎಲ್ಲವೂ ಆ ಕೋಟಿನ ಜೊತೆ ಪೆಟ್ಟಿಗೆ ಸೇರಿದ್ದವು. ಆ ಜನವರಿಯಲ್ಲಿ ಥೇಮ್ಸಿನ ಅಂಚಿಗೆ ಮಂಜುಗಡ್ಡೆ ಕಟ್ಟಿತ್ತು. ಗಿಡ್ಡ ಅಂಗಿ ಸೊಂಟದಿಂದ ಕೆಳಗೆ ಏನನ್ನೂ ಮುಚ್ಚುತ್ತಿರಲಿಲ್ಲ. ಆದರೂ ಅವನು ದಿನಾ ಹೋದ. ಕತ್ತಲಾಗುವವರೆಗೆ ತಿರುಗಿ, ಕೆಲಸವಿಲ್ಲದೆ ಬಂದ. ಕುದುರೆಗಳಿಗೆ ಟೊಪ್ಪಿ ಎತ್ತುವುದನ್ನೂ ಬಿಟ್ಟಿದ್ದ, ಗುರುತು ಸಿಕ್ಕೀತೆಂದು.

ತಿಂಗಳು ಮುಗಿಯುವ ಮೊದಲೇ ಕೆಮ್ಮು ಎದೆಗಿಳಿಯಿತು. ಡಾರ್ಕಸ್ ಪೆಟ್ಟಿಗೆಯಿಂದ ಕೋಟು ತೆಗೆದು ಕಂಬಳಿಯ ಮೇಲೆ ಹೊದಿಸಿದಳು. ಅವನು ಅದರ ಅಂಚನ್ನು ಬೆರಳಲ್ಲಿ ಸವರುತ್ತಿದ್ದ.

"ತಪ್ಪು ನಂದು ಅಪ್ಪ. ಆವತ್ತು ಕೈಗೆ ಸಿಕ್ಕ ಬಣ್ಣ ಬಳಿದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹುಚ್ಚಿ." ಉಸಿರು ಎಳೆಯಲು ಸ್ವಲ್ಪ ತಡೆದ. "ನೀನಾದ್ರೂ ಸರಿಯಾಗಿ ನೋಡಿದ್ಯಲ್ಲ." ಮತ್ತೆ ಏನೋ ಹೇಳಲು ಹೊರಟ. ಕೆಮ್ಮು ಬಿಡಲಿಲ್ಲ. ಎರಡು ದಿನ ಕಳೆದು, ಬೆಳಗ್ಗೆ ಹಾಲಿನವಳು ಕೂಗುತ್ತಿದ್ದ ಹೊತ್ತಿಗೆ, ಹೋಗಿಬಿಟ್ಟ. ಚರ್ಚಿನವರು ಬಡವರಿಗೆ ಕೊಡುವ ಹಲಗೆಯ ಶವಪೆಟ್ಟಿಗೆಯಲ್ಲಿ ಕೋಟು ಹೊದಿಸಿಯೇ ಅವಳು ಅವನನ್ನು ಕಳಿಸಿದಳು. ಆ ಕೋಟನ್ನು ಕೊಂಡುಕೊಳ್ಳಲು ಇಬ್ಬರು ಸಂಗ್ರಹದ ಹುಚ್ಚಿನ ಮಹನೀಯರು ಮಹಡಿಯ ಮೆಟ್ಟಿಲವರೆಗೆ ಬಂದು ಕಾದಿದ್ದರು.

ಸೋಮವಾರ ಡಾರ್ಕಸ್ ಕೆಲಸಕ್ಕೆ ಹೋದಳು. ಬಾಡಿಗೆ ಕೇಳುವವರಿಗೆ ಸೂತಕ ಗೊತ್ತಿಲ್ಲ. ಸೂಕಿ ಅವಳ ಬಟ್ಟಲಿಗೆ ಶುದ್ಧ ನೀರು ತುಂಬಿಸಿಟ್ಟಿದ್ದಳು. ಗಾಳಿ ಸಾಹುಕಾರನ ಕೊನೆಯ ಹಾಳೆಗಳು ಸಾವಿನ ತಾರೀಕಿನೊಂದಿಗೆ ಮಾರಾಟವಾಗಿ ಮುಗಿದವು. ವಸಂತ ಬರುವ ಹೊತ್ತಿಗೆ ಪೋಕಾಕ್ ಹೊಸ ಹಾಳೆ ತಂದ.

ಈ ಸಲ ಒಬ್ಬಳು ಮುದುಕಿ, ಬುಟ್ಟಿಯಲ್ಲಿ ಪಂಜರದ ಹಕ್ಕಿಗಳಿಗೆ ಹಾಕುವ ಸೊಪ್ಪು ಮಾರುವವಳು. ಪೋಕಾಕ್ ಬರೆಯುವ ಮುದುಕಿಯರಿಗೆಲ್ಲ ಒಂದೇ ಗಲ್ಲ, ಒಂದೇ ಬೊಚ್ಚುಬಾಯಿ. ಮುಖದಿಂದ ಗುರುತು ಹಿಡಿಯುವಂತಿರಲಿಲ್ಲ. ಆದರೆ ಡಾರ್ಕಸ್‌ಗೆ ಅವಳು ಗೊತ್ತಿದ್ದಳು. ಲೆದರ್ ಲೇನಿನ ನೆಲ್ ಸ್ಪ್ರಾಗ್. ಚಿಕ್ಕ ಹುಡುಗಿಯರಂತೆ ಬಿಳಿ ಲಂಗ ತೊಟ್ಟು, ಗುಲಾಬಿ ಸೊಂಟಪಟ್ಟಿಯನ್ನು ಹಿಂದೆ ದೊಡ್ಡ ಗಂಟು ಹಾಕಿ, ಆಕಾಶನೀಲಿ ಬೂಟಿನಲ್ಲಿ ಓಡಾಡುವವಳು.

ಮಧ್ಯಾಹ್ನದ ಬಿಡುವಿನಲ್ಲಿ ಡಾರ್ಕಸ್ ಓಡಿಹೋಗಿ ಅವಳನ್ನು ಹುಡುಕಿದಳು. ನೆಲ್ ಒಂದು ನೀರಿನ ಪಂಪಿನ ಕಟ್ಟೆಯ ಮೇಲೆ ಕೂತು ರೊಟ್ಟಿ ನೆನೆಸಿ ತಿನ್ನುತ್ತಿದ್ದಳು.

"ಅಜ್ಜಿ, ನಿಮ್ಮ ಚಿತ್ರ ಬರ್ತಾ ಇದೆ. ಕೆಲವು ದಿನ ಈ ಬಟ್ಟೆ ಬದಲಾಯಿಸಿ. ಬೂಟು, ಪಟ್ಟಿ ಎರಡೂ. ನನ್ನ ಮಾತು ಕೇಳಿ."

ನೆಲ್ ಬಾಯಿ ಒರೆಸಿಕೊಂಡಳು. "ನನ್ನ ಚಿತ್ರಾನಾ? ಲೆಗಟ್ ಕಿಟಕೀಲಿ? ನಿಜ ಹೇಳು, ನನ್ನಾಣೆ?"

"ನಿಮ್ಮನ್ನ ನೋಡಿ ಜನ ನಗ್ತಾರೆ ಅಜ್ಜಿ. ಕಲ್ಲು ಹೊಡೀತಾರೆ. ನಮ್ಮಪ್ಪ..."

"ನಗ್ಲಿ ಬಿಡೇ! ಅರವತ್ತು ವರ್ಷ ಆಯ್ತು ಈ ಊರಿಗೆ ಬಂದು, ಒಬ್ಬ ನನ್ ಮಗನಾದ್ರೂ ನಿಂತು ನೋಡಿದ್ದಾನಾ?" ಮುದುಕಿಯ ಕಣ್ಣು ಹೊಳೆಯುತ್ತಿತ್ತು. ಡಾರ್ಕಸ್‌ಳ ಬಣ್ಣ ಹತ್ತಿದ ಕೈಯನ್ನು ಹಿಡಿದುಕೊಂಡಳು. "ಬಣ್ಣ ಹಾಕೋಳು ನೀನೇ ಅಲ್ವಾ? ಪಟ್ಟಿ ಗುಲಾಬಿ, ತಿಳೀತಾ? ಕೆಂಪಲ್ಲ, ಗುಲಾಬಿ. ಬೂಟು ನೀಲಿ. ಓಣಿ ಆ ತುದಿಯಿಂದಲೇ ಇದು ನೆಲ್ ಅಂತ ಗೊತ್ತಾಗಬೇಕು. ಚೆನ್ನಾಗಿ ಹಾಕಮ್ಮ, ನನ್ ಬಂಗಾರಿ."

ಡಾರ್ಕಸ್ ಹಿಂದಕ್ಕೆ ಬಂದು ಕೂತಳು. ಲೆಗಟ್ ಅಮ್ಮ ಆ ದಿನ ತಗಡುಗಳ ಹರಾಜಿಗೆ ಹೋಗಿದ್ದಳು. ಹಾಳೆಗಳು ಬೇಗ ಬೇಕೆಂದು ಹೇಳಿ ಹೋಗಿದ್ದಳು. ಗುಲಾಬಿ ಬಣ್ಣ ಬಟ್ಟಲಲ್ಲಿ ಕಲಸಿಯೇ ಇತ್ತು. ಅವಳು ಅದನ್ನು ಪಕ್ಕಕ್ಕೆ ಸರಿಸಿ ಮಸಿಯನ್ನು ನೀರಿಗೆ ಬಿಟ್ಟಳು. ಲಂಗ ಕಪ್ಪು, ಪಟ್ಟಿ ಕಪ್ಪು, ಬೂಟು ಕಪ್ಪು. ಯಾವುದೋ ಊರಿನ, ಯಾವುದೋ ವಿಧವೆ. ಮಾದರಿ ಗೋಡೆಗೇರಿತು, ಹಾಳೆಗಳು ಮೇಜಿನ ಸುತ್ತ ಸರಿದವು, ಸಂಜೆಯ ಹೊತ್ತಿಗೆ ಒಂದು ಕಟ್ಟು ಮುಗಿಯಿತು.

ಆ ಚಿತ್ರ ಮಾರಾಟವಾಗಲಿಲ್ಲ. "ಹೆಣದ ಮನೆ ಬಣ್ಣ," ಎಂದಳು ಲೆಗಟ್ ಅಮ್ಮ. ಜಗಳವಾಡಲಿಲ್ಲ. ಕಿಟಕಿ ಪಕ್ಕದ ಜಾಗಕ್ಕೆ ಹೊಸಬಳೊಬ್ಬಳು ಬಂದಳು. ಡಾರ್ಕಸ್ ಮೇಜಿನ ಕತ್ತಲ ತುದಿಗೆ, ನೆಲಕ್ಕೆ ಮಣ್ಣುಬಣ್ಣ ಬಳಿಯುವ ಕೆಲಸಕ್ಕೆ ಇಳಿದಳು. ಆ ಅಂಗಡಿ ಇರುವ ತನಕ ಅಲ್ಲಿಯೇ ಉಳಿದಳು.

ಅದಕ್ಕೂ ಮೊದಲು, ಆ ಚಿತ್ರವನ್ನು ಕಿಟಕಿಗೆ ಹಾಕಿದ ಬೆಳಗ್ಗೆಯೇ ನೆಲ್ ಸ್ಪ್ರಾಗ್ ಬಂದಿದ್ದಳು. ಪಟ್ಟಿಯನ್ನು ಒಗೆದು ಕಟ್ಟಿದ್ದಳು, ಬೂಟಿಗೆ ನೀಲಿ ಬೆರೆಸಿದ ಸುಣ್ಣ ತಿಕ್ಕಿ ಹೊಸದು ಮಾಡಿದ್ದಳು. ಒಂದೊಂದೇ ಗಾಜಿನ ಮುಂದೆ ನಿಂತು, ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿದಳು. ಕಪ್ಪು ಬಟ್ಟೆಯ ಮುದುಕಿಯನ್ನು ದಾಟಿಕೊಂಡೇ ಎರಡು ಸಲ ಹೋದಳು. ಕೊನೆಗೆ ಪಕ್ಕದಲ್ಲಿ ನಗುತ್ತ ನಿಂತಿದ್ದ ಒಬ್ಬ ಗುಮಾಸ್ತನ ತೋಳು ಜಗ್ಗಿ, "ಸ್ವಾಮಿ, ಇದರಲ್ಲಿ ನಾನೆಲ್ಲಿದ್ದೀನಿ?" ಎಂದು ಕೇಳಿದಳು.

ಅವನು ಅವಳನ್ನು ಒಮ್ಮೆ ನೋಡಿ, ಕಿಟಕಿಯನ್ನು ಒಮ್ಮೆ ನೋಡಿ, "ನೀನಿಲ್ಲಮ್ಮ ಇಲ್ಲಿ," ಎಂದ.

ಮುದುಕಿ ಬಣ್ಣ ಹಾಕುವ ಸುಳ್ಳುಬುರುಕಿಗೆ ಬಾಯಿ ತುಂಬ ಶಾಪ ಹಾಕುತ್ತ, ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕೇರಿಸಿ, ತನ್ನ ಮಾಮೂಲು ಕೂಗನ್ನು ಕೂಗಿಕೊಂಡು ಲೆದರ್ ಲೇನಿನ ಕಡೆಗೆ ನಡೆದಳು. ಒಬ್ಬರೂ ಅವಳ ಹಿಂದೆ ಹೋಗಲಿಲ್ಲ. ಡಾರ್ಕಸ್ ಹಿಂದಿನ ಕೋಣೆಯಲ್ಲಿ ಕುಂಚವನ್ನು ಎತ್ತಿ ಹಿಡಿದು, ಆ ಕೂಗು ತಿರುವಿನಲ್ಲಿ ಕೇಳಿಸದಾಗುವ ತನಕ ಕಿವಿಗೊಟ್ಟು ಕೂತಿದ್ದಳು.